ಕುದಿಸಿದ ಗಾಜಿನ ಒಂದಾಣೆ

ಮದುವೆಯಾಗಿ ಜಗಳೂರಿನಿಂದ ಹೊನ್ನಾಳಿಗೆ ಬಂದಾಗ ನನಗೆ ಹದಿನೆಂಟು ವರ್ಷ. ನನ್ನ ಗಂಡನದು ತಗಡಿನ ಕೆಲಸ. ಪೇಟೆ ಬೀದಿಯಲ್ಲಿದ್ದ ನಮ್ಮ ಮನೆಯ ಮುಂದಿನ ಜಗಲಿಯೇ ಅಂಗಡಿ. ಅಲ್ಲಿ ಕೂತು ಅವರು ಸೀಮೆಎಣ್ಣೆ ಡಬ್ಬಿಗಳನ್ನು ಕತ್ತರಿಸಿ ಎಣ್ಣೆ ಸುರಿಯುವ ಲಾಳಿಕೆ, ಅಳತೆಯ ಪಾವು, ಬುಡ್ಡಿದೀಪ ಮಾಡುತ್ತಿದ್ದರು. ಸೋರುವ ಕೊಡಗಳಿಗೆ ಬೆಸುಗೆ ಹಾಕುತ್ತಿದ್ದರು. ಇದರ ಜೊತೆಗೆ ಲಾಂದ್ರ, ಬತ್ತಿ, ಲಾಂದ್ರದ ಗಾಜು ಇವುಗಳ ವ್ಯಾಪಾರವೂ ಇತ್ತು. ಮನೆಯಲ್ಲಿ ನಾವು ಮೂರೇ ಜನ. ಗಂಡ, ಅವರ ತಾಯಿ, ನಾನು. ಒಳಗೆ ನಮ್ಮ ಮಾತು ಉರ್ದು, ಜಗಲಿಗೆ ಬಂದರೆ ಕನ್ನಡ.

ಮೂರನೆಯ ವರ್ಷ ನನ್ನ ಗಂಡನಿಗೆ ಉಬ್ಬಸ ಶುರುವಾಯಿತು. ಬೆಸುಗೆಯ ಹೊಗೆ ಎದೆಗೆ ಹೋಗಿ ಹೀಗಾಗಿದೆ, ಆರು ತಿಂಗಳು ಬೆಂಕಿಯ ಹತ್ತಿರ ಕೂರಬೇಡ ಎಂದು ಡಾಕ್ಟರು ಹೇಳಿದರು. ಬೆಸುಗೆ ನಿಂತರೆ ಅಂಗಡಿಯಲ್ಲಿ ಉಳಿಯುವುದು ಲಾಂದ್ರ ಮತ್ತು ಗಾಜು ಮಾತ್ರ. ಅದನ್ನು ಮಾರುವುದಕ್ಕೂ ಒಬ್ಬರು ದಿನವಿಡೀ ಕೂರಬೇಕು, ಗಿರಾಕಿಗಳ ಜೊತೆ ಮಾತಾಡಬೇಕು. ಅವರಿಗೆ ನಾಲ್ಕು ಮಾತಾಡಿದರೆ ಕೆಮ್ಮು ಬರುತ್ತಿತ್ತು. ನಾನು ಕೂರುತ್ತೇನೆ ಎಂದೆ. ಜಗಳೂರಿನಲ್ಲಿ ನನ್ನ ತಂದೆಯ ಕಂಬಳಿ ವ್ಯಾಪಾರ ನೋಡುತ್ತಲೇ ಬೆಳೆದವಳು ನಾನು. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಗೂ ಹೋಗಿದ್ದೆ.

ನನ್ನ ಗಂಡ ಒಪ್ಪಿಕೊಂಡರು. ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಬೆಳಿಗ್ಗೆ ತಮ್ಮ ಚಾಪೆ, ಎಲೆಅಡಿಕೆ ಡಬ್ಬಿ ಎತ್ತಿಕೊಂಡು ಬಂದು ಜಗಲಿಯ ಅಂಚಿನಲ್ಲಿ, ಬೀದಿಗೆ ಎದುರಾಗಿ ಕೂತುಬಿಟ್ಟರು. ನಾನು ಅವರ ಹಿಂದೆ, ಸೆರಗು ಹೊದ್ದು ಕೂರಬೇಕು ಎಂದು ಕೈಸನ್ನೆ ಮಾಡಿದರು. ಸೊಸೆಯನ್ನು ಬಜಾರಿನಲ್ಲಿ ಕೂರಿಸಿದಿರಾ ಎಂದು ಕೇಳಲು ಬಂದ ನಮ್ಮವರಿಗೆಲ್ಲ ಅವರೇ ಉತ್ತರ ಕೊಟ್ಟರು. ಏನು ಹೇಳಿದರೋ ನನಗೆ ಪೂರ್ತಿ ಕೇಳಿಸಲಿಲ್ಲ. ಆದರೆ ಒಂದು ಸಲ ಕೇಳಿದವರು ಎರಡನೇ ಸಲ ಬರಲಿಲ್ಲ.

ಆಗ ದಾವಣಗೆರೆಯಲ್ಲಿ ಲಾಂದ್ರದ ಗಾಜು ಒಂದಕ್ಕೆ ಎರಡಾಣೆ ಬೀಳುತ್ತಿತ್ತು. ನಾವು ಅದನ್ನು ಮೂರೂವರೆ ಆಣೆಗೆ ಮಾರುತ್ತಿದ್ದೆವು. ಈ ಒಂದೂವರೆ ಆಣೆ ಎಲ್ಲಿಂದ ಬಂತು ಎಂದು ನಾನು ಗಂಡನನ್ನು ಕೇಳಿದೆ. ಗಾಡಿಯಲ್ಲಿ ಬರುವಾಗ ಡಜನ್ನಿಗೆ ಎರಡು ಒಡೆಯುತ್ತವೆ, ಅದು ಅರ್ಧ ಆಣೆ. ಗಾಡಿ ಬಾಡಿಗೆ, ಹುಲ್ಲು, ಹೋಗಿಬರುವ ಖರ್ಚು ಇನ್ನಷ್ಟು. ಉಳಿದದ್ದು ನಮ್ಮ ಅನ್ನ ಎಂದರು. ಅವರ ತಂದೆಯ ಕಾಲದಿಂದ ನಡೆದುಬಂದ ರೇಟು ಅದು. ಯಾರೂ ಪ್ರಶ್ನೆ ಮಾಡಿರಲಿಲ್ಲ.

ನಾನು ಕೂತ ಎರಡನೇ ತಿಂಗಳಲ್ಲಿ ಬಸ್ಸು ನಿಲ್ಲುವ ಜಾಗದ ಹತ್ತಿರ ಹೊಸ ಅಂಗಡಿಯೊಂದು ತೆರೆಯಿತು. ಆ ಅಂಗಡಿಯವನು ಕೆಟ್ಟವನಲ್ಲ. ದೊಡ್ಡ ಬಂಡವಾಳದವನು, ಚುರುಕಾದವನು. ಗಾಜುಗಳನ್ನು ಮರದ ಪೆಟ್ಟಿಗೆಯಲ್ಲಿ ಬಸ್ಸಿನ ಮೇಲೆ ತರಿಸುತ್ತಿದ್ದ. ಒಡೆಯುವುದು ಕಡಿಮೆ, ತರುವುದು ಹೆಚ್ಚು. ಹಾಗಾಗಿ ಎರಡೂವರೆ ಆಣೆಗೆ ಕೊಡುವುದು ಅವನಿಗೆ ಕಷ್ಟವಿರಲಿಲ್ಲ. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಹೋದರು. ನಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ಕೆಲವರು ಗಾಜನ್ನು ಟವೆಲ್ಲಿನ ಕೆಳಗೆ ಮುಚ್ಚಿಕೊಳ್ಳುತ್ತಿದ್ದರು. ಅದನ್ನು ನೋಡಿದರೆ ಅವರ ಮೇಲೆ ಕೋಪ ಬರುತ್ತಿರಲಿಲ್ಲ. ನಾವು ಒಂದಾಣೆ ಹೆಚ್ಚಿಗೆ ಕೇಳುತ್ತಿದ್ದೇವೆ, ಯಾತಕ್ಕೆ ಎಂದು ನನಗೇ ಹೇಳಲು ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಊರಿನ ಸೂಲಗಿತ್ತಿ ಬಂದಳು. ಐವತ್ತು ದಾಟಿದ ಹೆಂಗಸು, ಬೀದಿಯ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವರು. ನನ್ನ ಗಂಡನೂ. ಸೆರಗಿನ ಗಂಟು ಬಿಚ್ಚಿ ಒಡೆದ ಗಾಜಿನ ಚೂರುಗಳನ್ನು ನನ್ನ ಮುಂದಿನ ಹಲಗೆಯ ಮೇಲೆ ಇಟ್ಟಳು. ನಾಲ್ಕು ದಿನದ ಹಿಂದೆ ನಮ್ಮಲ್ಲೇ ಕೊಂಡ ಗಾಜು. ಹಿಂದಿನ ರಾತ್ರಿ ಬಾಣಂತಿ ಕೋಣೆಯಲ್ಲಿ ಅದು ತಾನಾಗಿಯೇ ಚಟ್ಟೆಂದು ಸೀಳಿತಂತೆ. ಗಾಳಿಗೆ ದೀಪ ಆರಿತು. ಇನ್ನೊಂದು ದೀಪ ಪಕ್ಕದ ಮನೆಯಿಂದ ಬರುವವರೆಗೆ ಕೈ ಅಂದಾಜಿನಲ್ಲೇ ಮಗುವನ್ನು ಹಿಡಿದಳಂತೆ. ತಾಯಿ ಮಗು ಇಬ್ಬರೂ ಕ್ಷೇಮ ಎಂದಳು.

ಅವಳು ಜಗಳಕ್ಕೆ ಬಂದಿರಲಿಲ್ಲ. ದುಡ್ಡು ವಾಪಸು ಕೊಡು ಎಂದೂ ಕೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ನನ್ನ ಅತ್ತೆ ಕೊಟ್ಟ ಎಲೆಅಡಿಕೆ ಹಾಕಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು: “ಅಲ್ಲಿ ಬಸ್ಸಿನ ಹತ್ರ ಅಗ್ಗಕ್ಕೆ ಸಿಗ್ತೈತೆ ಅಂತ ಗೊತ್ತಿತ್ತವ್ವ. ನಿಮ್ಮದು ಒಂದಾಣೆ ಜಾಸ್ತಿ ಅಂದ್ರೆ ಒಂದಾಣೆ ಗಟ್ಟಿ ಇರ್ತೈತೆ ಅಂತ ತಿಳ್ಕಂಡು ಬಂದೆ. ನೀವೂ ಅದೇ ಗಾಜು ಮಾರೋದಾದ್ರೆ ಹೇಳಿಬಿಡ್ರಿ.”

ಅದೇ ಗಾಜು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವಳಿಗೆ ಇನ್ನೊಂದು ಗಾಜು ಕೊಟ್ಟು ಕಳಿಸಿದೆ. ಅವಳು ಹೋದ ಮೇಲೆ ಹಲಗೆಯ ಮೇಲಿನ ಚೂರುಗಳನ್ನು ಎತ್ತಿ ಬಿಸಾಡದೆ ಬಹಳ ಹೊತ್ತು ನೋಡುತ್ತ ಕೂತೆ.

ನನ್ನ ತವರಿನಲ್ಲಿ ಹೊಸ ಮಣ್ಣಿನ ಗಡಿಗೆ ತಂದರೆ ತಕ್ಷಣ ಒಲೆಗೆ ಏರಿಸುತ್ತಿರಲಿಲ್ಲ. ನೀರಲ್ಲಿ ನೆನೆಸಿ, ಗಂಜಿ ಕಾಯಿಸಿ, ಅದನ್ನು ಮೆಲ್ಲಗೆ ಬೆಂಕಿಗೆ ಅಭ್ಯಾಸ ಮಾಡಿಸುತ್ತಿದ್ದರು. ಗಡಿಗೆಗೆ ಆಗುವುದು ಗಾಜಿಗೆ ಯಾಕೆ ಆಗಬಾರದು ಎಂದು ನನಗೆ ಅನ್ನಿಸಿತು. ಮಾರನೆಯ ದಿನವೇ ಸ್ನಾನದ ಹಂಡೆಯಲ್ಲಿ ಬಿಸಿನೀರು ಕಾಯಿಸಿ ಎರಡು ಗಾಜು ಇಳಿಬಿಟ್ಟೆ. ಎರಡೂ ನೀರಿಗೆ ತಾಗುತ್ತಲೇ ಸಿಡಿದವು. ಅತ್ತೆ ಹಣೆ ಚಚ್ಚಿಕೊಂಡರು. ನನ್ನ ಗಂಡ ಒಳಗಿನಿಂದ ಸದ್ದು ಕೇಳಿ ಎದ್ದು ಬಂದು, ಹಂಡೆಯೊಳಗೆ ಇಣುಕಿ, ನಾಲ್ಕಾಣೆ ಸಾರು ಮಾಡಿದ್ದೀಯ ಎಂದು ನಕ್ಕರು. ಎಷ್ಟೋ ವಾರಗಳ ನಂತರ ಅವರು ನಕ್ಕಿದ್ದು ಅದೇ ಮೊದಲು.

ತಗಡಿನ ಕೆಲಸದವರಿಗೆ ಬಿಸಿ ತಂಪಿನ ಲೆಕ್ಕ ಗೊತ್ತಿರುತ್ತದೆ. ತಣ್ಣೀರಿನಲ್ಲೇ ಇಡು, ಬೆಂಕಿ ಸಣ್ಣಗಿರಲಿ, ಕುದಿ ಬಂದ ಮೇಲೆ ಬೆಂಕಿ ಎಳೆದುಬಿಡು, ಗಾಜು ಮಾತ್ರ ತೆಗೆಯಬೇಡ, ನೀರು ತಾನಾಗಿ ಆರಲಿ ಎಂದು ಅವರೇ ಹೇಳಿಕೊಟ್ಟರು. ಒಂದಕ್ಕೊಂದು ತಾಗದ ಹಾಗೆ ನಡುವೆ ಭತ್ತದ ಹುಲ್ಲು ತುರುಕಿದೆವು. ಮಾರನೆಯ ಬೆಳಿಗ್ಗೆ ಹಂಡೆಯಿಂದ ಹತ್ತು ಗಾಜು ಒಂದೂ ಬಿರುಕಿಲ್ಲದೆ ಹೊರಬಂದವು. ಒಂದನ್ನು ಲಾಂದ್ರಕ್ಕೆ ಹಾಕಿ, ಬತ್ತಿ ಏರಿಸಿ, ಚೆನ್ನಾಗಿ ಕಾದ ಮೇಲೆ ಅತ್ತೆ ಬೆರಳಿನಿಂದ ನೀರು ಚಿಮುಕಿಸಿದರು. ಚುರ್ ಎಂದಿತು, ಸೀಳಲಿಲ್ಲ. ಅವರು ಮತ್ತೆ ಚಿಮುಕಿಸಿದರು. ಮೂರನೇ ಸಲ ನಾನೇ ಅವರ ಕೈ ಹಿಡಿದೆ.

ಅಂದಿನಿಂದ ಕುದಿಸದ ಗಾಜನ್ನು ನಾವು ಮಾರಲಿಲ್ಲ. ಸೂಲಗಿತ್ತಿಯ ಮನೆಗೆ ನಾನೇ ಹೋಗಿ ಹಳೆಯದನ್ನು ತೆಗೆದುಕೊಂಡು ಕುದಿಸಿದ ಗಾಜು ಕೊಟ್ಟು ಬಂದೆ. ಮೊದಲಿನದು ಕುದಿಸಿದ್ದಲ್ಲ, ಈಗ ಕುದಿಸುತ್ತಿದ್ದೇವೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಹೂಂ ಎಂದಳು, ಅಷ್ಟೇ. ಆದರೆ ಅವಳು ಹೋದ ಮನೆಗಳಲ್ಲೆಲ್ಲ ಆ ಮಾತು ಹೋಗಿರಬೇಕು. ಹದಿನೈದು ದಿನದಲ್ಲಿ ಹೆಂಗಸರು ಬರತೊಡಗಿದರು. ಗಂಡಸರು ಕೂತ ಅಂಗಡಿಗೆ ಹೋಗಲು ಸಂಕೋಚಪಡುವವರು, ಪೇಟೆಗೆ ಬಂದರೂ ಗಂಡನ ಕೈಯಲ್ಲೇ ಎಲ್ಲವನ್ನೂ ತರಿಸುತ್ತಿದ್ದವರು, ನಮ್ಮ ಜಗಲಿಯಲ್ಲಿ ಬಂದು ಕೂತು ದೀಪದ ಕಷ್ಟ ಹೇಳಿಕೊಳ್ಳುತ್ತಿದ್ದರು. ಹೊಗೆ ಬರುತ್ತದೆ, ಒಂದೇ ಕಡೆ ಉರಿಯುತ್ತದೆ, ಎಣ್ಣೆ ಬಹಳ ಕುಡಿಯುತ್ತದೆ. ಇದೆಲ್ಲ ಗಂಡಸರು ಅಂಗಡಿಯಲ್ಲಿ ಹೇಳುವ ಮಾತಲ್ಲ, ಯಾಕೆಂದರೆ ದೀಪ ಒರೆಸುವವರು ಅವರಲ್ಲ.

ನಾನು ಪ್ರತಿಯೊಂದು ಲಾಂದ್ರವನ್ನೂ ಅವರ ಕಣ್ಣೆದುರಿಗೇ ಹಚ್ಚಿ ತೋರಿಸುತ್ತಿದ್ದೆ. ಬತ್ತಿಯ ಮೂಲೆಗಳನ್ನು ಕತ್ತರಿಸಿದರೆ ಹೊಗೆ ನಿಲ್ಲುತ್ತದೆ ಎಂದು ಅವರ ಕೈಗೇ ಕತ್ತರಿ ಕೊಟ್ಟು ಕಲಿಸುತ್ತಿದ್ದೆ. ಕಿಲುಬು ಹಿಡಿದ ಬತ್ತಿಮನೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಕೊಡುತ್ತಿದ್ದೆ. ಒಬ್ಬೊಬ್ಬರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಬಸ್ಸಿನ ಹತ್ತಿರದ ಅಂಗಡಿಯವನು ಅಷ್ಟು ಹೊತ್ತಿನಲ್ಲಿ ಹತ್ತು ಜನರಿಗೆ ಮಾರುತ್ತಿದ್ದ. ಆದರೂ ನಮ್ಮ ಮೂರೂವರೆ ಆಣೆಗೆ ಈಗ ನನ್ನ ಬಾಯಲ್ಲಿ ಉತ್ತರ ಇತ್ತು.

ಒಂದು ದಿನ ನಮ್ಮ ಬೀದಿಯವಳೇ ಒಬ್ಬಳು ಬಸ್ಸಿನ ಹತ್ತಿರದ ಅಂಗಡಿಯಿಂದ ಎರಡು ಗಾಜು ಕೊಂಡು ಸೀದಾ ನಮ್ಮ ಜಗಲಿಗೆ ಬಂದಳು. ನಿಮ್ಮ ಹಂಡೆ ಹೇಗೂ ಕುದಿಯುತ್ತದಲ್ಲ, ಇವನ್ನೂ ಹಾಕಿಬಿಡಿ ಎಂದಳು. ನನಗೆ ಮೈಯೆಲ್ಲ ಉರಿಯಿತು. ಆಗುವುದಿಲ್ಲ ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. ಮನೆಯಲ್ಲಿ ಎರಡು ಗಾಜು ಒಟ್ಟಿಗೆ ಒಡೆದವು, ಏಳಾಣೆ ಇರಲಿಲ್ಲ, ಐದಾಣೆ ಇತ್ತು ಎಂದಳು. ಸೌದೆಗೆ ಏನು ಬೇಕೋ ಅದನ್ನು ಆಮೇಲೆ ಕೊಡುತ್ತೇನೆ ಎಂದೂ ಸೇರಿಸಿದಳು.

ಅತ್ತೆ ನನ್ನತ್ತ ತಿರುಗದೆಯೇ ಆ ಗಾಜುಗಳನ್ನು ಅವಳ ಕೈಯಿಂದ ತೆಗೆದುಕೊಂಡರು. ಅವಳು ಹೋದ ಮೇಲೆ ನಮ್ಮಿಬ್ಬರಿಗೂ ಜಗಳವಾಯಿತು. ಒಳಗೆ ಮಲಗಿದ್ದ ನನ್ನ ಗಂಡ ಎದ್ದು ಬಂದು ಇಬ್ಬರ ಮಾತನ್ನೂ ಕೇಳಿದರು. ಬೇಡ ಅನ್ನುವುದೂ ಬೇಡ, ಸುಮ್ಮನೆ ಮಾಡುವುದೂ ಬೇಡ, ಒಂದು ಗಾಜು ಕುದಿಸಲು ಅರ್ಧ ಆಣೆ ಅಂತ ಇಟ್ಟುಬಿಡಿ, ಯಾರ ಅಂಗಡಿಯ ಗಾಜಾದರೂ ಆಗಲಿ ಎಂದರು. ನನಗೆ ಅದು ಹೊಳೆದಿರಲಿಲ್ಲ. ಅರ್ಧ ಆಣೆ ರೇಟು ಹೇಳಿದ ಮೇಲೆ ಬೇರೆ ಅಂಗಡಿಯ ಗಾಜು ತರುವವರೂ ನಾಚಿಕೆಯಿಲ್ಲದೆ ಬಂದರು, ನನಗೂ ಕೋಪ ಬರಲಿಲ್ಲ. ನ್ಯಾಮತಿಯಿಂದ ಒಬ್ಬ ಮೇಷ್ಟರು ಶಾಲೆಯ ಆರು ಗಾಜುಗಳನ್ನು ಬುಟ್ಟಿಯಲ್ಲಿಟ್ಟು ಕಳಿಸಿದ್ದರು. ಎಷ್ಟೋ ಜನ ಮುಂದಿನ ಸಲ, ಎರಡು ಕಡೆ ಓಡಾಡುವುದೇಕೆ ಎಂದು ನಮ್ಮಲ್ಲೇ ಕೊಂಡರು. ಆರು ತಿಂಗಳು ಕಳೆದು ನನ್ನ ಗಂಡ ಮತ್ತೆ ಜಗಲಿಗೆ ಬಂದರೂ ನಾನು ಒಳಗೆ ಹೋಗಲಿಲ್ಲ. ಅವರು ಬೆಸುಗೆಯನ್ನು ಹಿತ್ತಲಿಗೆ ಒಯ್ದರು.

ಆಮೇಲೆ ಯುದ್ಧ ಬಂತು. ಮೊದಲೆರಡು ವರ್ಷ ಅದು ಪೇಪರಿನಲ್ಲಿತ್ತು, ಅಂಗಡಿಗೆ ಬರಲಿಲ್ಲ. ನಂತರ ಸೀಮೆಎಣ್ಣೆ ಅಳೆದು ಕೊಡತೊಡಗಿದರು. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಏದುಸಿರು ಬಿಡುತ್ತ ಓಡಿದವು. ಗಾಜು ದಾವಣಗೆರೆಯಲ್ಲೇ ಸಿಗದಂತಾಯಿತು, ಸಿಕ್ಕಿದರೆ ಐದಾಣೆ, ಆರಾಣೆ. ನಾವು ಎಂಟಾಣೆಗೆ ಮಾರಿದೆವು. ಒಡೆದ ಗಾಜು ತಂದು ತೋರಿಸಿದವರಿಗೆ ಮಾತ್ರ, ಮನೆಗೆ ಒಂದು ಎಂದು ನಾನು ಕಟ್ಟುಮಾಡಿದೆ.

ಆಗ ನಮ್ಮಲ್ಲಿ ಮೂವತ್ತು ಗಾಜು ಉಳಿದಿದ್ದವು. ಚನ್ನಗಿರಿಯ ಕಡೆಯಿಂದ ಒಬ್ಬ ವ್ಯಾಪಾರಿ ಬಂದು ಮೂವತ್ತನ್ನೂ ಒಟ್ಟಿಗೆ, ಒಂದಕ್ಕೆ ರೂಪಾಯಿಯಂತೆ ಕೊಳ್ಳುತ್ತೇನೆ ಎಂದ. ನನ್ನ ಗಂಡನಿಗೆ ಕೊಟ್ಟುಬಿಡೋಣ ಎಂದಿತ್ತು. ನನಗೆ ಮನಸ್ಸಾಗಲಿಲ್ಲ. ನಾಳೆ ಸೂಲಗಿತ್ತಿ ಬಂದರೆ ಏನು ಹೇಳಲಿ ಎಂದೆ. ಅವರು ಹೆಚ್ಚು ವಾದ ಮಾಡಲಿಲ್ಲ, ಆದರೆ ನಾಲ್ಕು ದಿನ ಮುಖ ಊದಿಸಿಕೊಂಡಿದ್ದರು. ನಾನು ಮಾತ್ರ ಬಹಳ ದೊಡ್ಡ ಕೆಲಸ ಮಾಡಿದವಳ ಹಾಗೆ ಬೀಗುತ್ತಿದ್ದೆ. ಅದೇ ವಾರ ನಾನು ಮಾಡಿದ್ದನ್ನು ಈಗ ಹೇಳಬೇಕು.

ಸುಗ್ಗಿ ಮುಗಿದ ಮೇಲೆ ಬಯಲು ಸೀಮೆಯ ಕುರಿಯವರು ನಮ್ಮ ಹೊಳೆದಂಡೆಯ ಗದ್ದೆಗಳಿಗೆ ಮಂದೆ ಹೊಡೆದುಕೊಂಡು ಬರುತ್ತಿದ್ದರು. ಕುರಿ ಮೇಯುತ್ತಿದ್ದವು, ಗದ್ದೆಗೆ ಗೊಬ್ಬರವಾಗುತ್ತಿತ್ತು. ಅಂಥವರಲ್ಲಿ ಒಬ್ಬ ಮುದುಕ ಗಾಜಿಲ್ಲದ ಲಾಂದ್ರ ಹಿಡಿದು ಅಂಗಡಿಗೆ ಬಂದ. ಹೆಗಲ ಮೇಲೆ ಕರಿ ಕಂಬಳಿ. ಮಾತು ಕೇಳಿದ ಕೂಡಲೇ ಜಗಳೂರಿನ ಕಡೆಯವನು ಎಂದು ಗೊತ್ತಾಯಿತು. ಕುರಿ ಈಯುವ ಕಾಲ, ಬೆಳಕಿಲ್ಲದೆ ಮರಿಗಳು ತುಳಿತಕ್ಕೆ ಸಿಕ್ಕಿ ಸಾಯುತ್ತಿವೆ, ಒಂದು ಗಾಜು ಬೇಕು ಎಂದ. ಒಡೆದ ಚೂರುಗಳನ್ನು ಗದ್ದೆಯಲ್ಲೇ ಬಿಟ್ಟಿದ್ದ.

ನಾನು ಒಂದು ಗಾಜು ತೆಗೆದು, ಅವನ ಲಾಂದ್ರಕ್ಕೆ ಹಾಕಿ, ಯಾವಾಗಲೂ ಮಾಡುವ ಹಾಗೆ ಬತ್ತಿ ಸರಿ ಮಾಡಿ ಹಚ್ಚಿ ತೋರಿಸಿದೆ. ಎಷ್ಟು ಎಂದು ಕೇಳಿದ. ಒಂದು ರೂಪಾಯಿ ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮನೆಯಲ್ಲಿ ಅಂಥ ಕಷ್ಟವೇನೂ ಇರಲಿಲ್ಲ. ಗಂಡನ ಊದಿದ ಮುಖವನ್ನು ಸ್ವಲ್ಪ ಇಳಿಸೋಣ ಎಂದು ಇದ್ದಿರಬಹುದು. ಇವನು ನಮ್ಮೂರಿನವನಲ್ಲ, ಹದಿನೈದು ದಿನಕ್ಕೆ ಮಂದೆ ಎಬ್ಬಿಸಿ ಹೋಗುವವನು, ಇವನ ಮಾತು ಯಾರ ಮನೆಗೂ ಮುಟ್ಟುವುದಿಲ್ಲ ಎಂಬುದಂತೂ ನನ್ನ ತಲೆಯಲ್ಲಿ ಇದ್ದೇ ಇತ್ತು. ಮುದುಕ ಚೌಕಾಸಿ ಮಾಡಲಿಲ್ಲ. ಸೊಂಟದ ಚೀಲದಿಂದ ರೂಪಾಯಿ ತೆಗೆದು ಕೊಟ್ಟು, ಲಾಂದ್ರವನ್ನು ಕಂಬಳಿಯೊಳಗೆ ಮರಿಯಂತೆ ಅಪ್ಪಿಕೊಂಡು ಹೋದ. ಅತ್ತೆ ನನ್ನನ್ನೇ ನೋಡಿದರು. ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡನಿಗೆ ನಾನೇ ಹೇಳಿದೆ. ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ತುತ್ತು ನುಂಗಿ, ರೂಪಾಯಿಗೇ ಮಾರುವುದಾಗಿದ್ದರೆ ಮೂವತ್ತನ್ನೂ ಆ ವ್ಯಾಪಾರಿಗೇ ಕೊಡಬಹುದಿತ್ತು ಎಂದು ಮಾತ್ರ ಅಂದರು.

ಎರಡು ದಿನ ತಡೆದು, ಎಂಟಾಣೆ ತೆಗೆದುಕೊಂಡು ಅತ್ತೆಯ ಜೊತೆ ಹೊಳೆದಂಡೆಗೆ ಹೋದೆ. ಗದ್ದೆ ಖಾಲಿಯಾಗಿತ್ತು. ಹಿಕ್ಕೆ, ಬೂದಿ, ಬೇಲಿಗೆ ನೆಟ್ಟಿದ್ದ ಗೂಟದ ಕುಳಿಗಳು. ಸವಳಂಗದ ಕಡೆ ಹೋದರು ಎಂದು ಗದ್ದೆಯವರು ಹೇಳಿದರು. ಅಲ್ಲಿಯವರೆಗೆ ಹುಡುಕಿಕೊಂಡು ಹೋಗುವುದು ನಮ್ಮಿಂದ ಆಗುವ ಮಾತಾಗಿರಲಿಲ್ಲ.

ಆ ವರ್ಷ ಉಳಿದ ಗಾಜುಗಳನ್ನೆಲ್ಲ ಎಂಟಾಣೆಗೇ ಮಾರಿದೆ. ಕೆಲವರಿಗೆ ನನ್ನ ಮೇಲೆ ಸಿಟ್ಟೂ ಬಂತು. ದೊಡ್ಡ ಮನೆಯವರೊಬ್ಬರು ನಾಲ್ಕು ಗಾಜಿಗೆ ಆಳು ಕಳಿಸಿದಾಗ ಒಂದೇ ಕೊಟ್ಟೆ. ಅವರು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಸೂಲಗಿತ್ತಿಗೆ ಕೊನೆಯವರೆಗೂ ಗಾಜು ತಪ್ಪಲಿಲ್ಲ.

ಮುಂದಿನ ವರ್ಷ ಸುಗ್ಗಿ ಮುಗಿದಾಗ ಮುದುಕ ಬಂದ. ಅದೇ ಕಂಬಳಿ, ಅದೇ ಲಾಂದ್ರ. ನನ್ನ ಗಾಜು ಅದರಲ್ಲಿ ಹಾಗೆಯೇ ಇತ್ತು, ಕೆಳಗೆ ಸ್ವಲ್ಪ ಮಸಿ ಹಿಡಿದಿತ್ತು ಅಷ್ಟೇ. ಹೊಸ ಬತ್ತಿ ಬೇಕು ಎಂದ. ಮಳೆಯಲ್ಲಿ ಎರಡು ಸಲ ನೆಂದರೂ ಗಾಜು ಸೀಳಲಿಲ್ಲ ಎಂದು ಹೊಗಳತೊಡಗಿದ. ನನಗೆ ಅದನ್ನು ಕೇಳಿಸಿಕೊಂಡು ಕೂರಲು ಆಗಲಿಲ್ಲ. ನಡುವೆಯೇ ತಡೆದು ಹೇಳಿದೆ: “ಅಜ್ಜಾ, ಹೋದ ವರ್ಷ ನಿನ್ನ ಹತ್ರ ಎಂಟಾಣೆ ಹೆಚ್ಚಿಗೆ ತಗಂಡೆ. ಊರಿನವರಿಗೆ ಎಂಟಾಣೆಗೇ ಕೊಡ್ತಿದ್ದೆ.”

“ಗೊತ್ತಿತ್ತು ತಾಯಿ,” ಎಂದ ಮುದುಕ. “ಬರೋವಾಗ ನಿಮ್ಮ ಬೀದಿಯಾಗೇ ಕೇಳಿಕೆಂಡು ಬಂದಿದ್ದೆ.”

ಗೊತ್ತಿದ್ದೂ ಯಾಕೆ ಕೊಟ್ಟೆ, ಒಂದು ಮಾತು ಕೇಳಬಾರದಿತ್ತೇ ಎಂದೆ. ಅವನು ಮೆಟ್ಟಿಲ ಮೇಲೆ ಕೂತ.

“ಬಸ್ಸಿನ ತಾವ ಅಂಗಡಿಯಾಗೆ ನನ್ನ ಮೆಟ್ಟಿಲು ಹತ್ತಾಕೆ ಬಿಡ್ಲಿಲ್ಲ, ಗಾಜು ಒಡದೀಯ ಅಂದ್ರು. ನೀನು ಕೈಯಿಂದ ಲಾಂದ್ರ ಈಸಿಕೆಂಡು, ಒರೆಸಿ, ಬತ್ತಿ ಕತ್ತರಿಸಿ, ಹಚ್ಚಿ ಕೈಗೆ ಕೊಟ್ಟಿ. ಆಮ್ಯಾಕೆ ರೂಪಾಯಿ ಅಂದಿ. ಮನಸಿಗೆ ಬ್ಯಾಸರ ಆತು, ಇಲ್ಲ ಅನ್ನಲ್ಲ. ಆದ್ರೆ ಮರಿ ಸಾಯ್ತಿದ್ವು, ನಿಂತು ಜಗಳ ಆಡಾಕೆ ಹೊತ್ತಿರ್ಲಿಲ್ಲ.”

ಅವನು ಕೋಪದಿಂದ ಹೇಳಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಅರ್ಧ ಗಂಟೆ ಕೂತು ಹುಣಸೆಹಣ್ಣು ತಿಕ್ಕಿದ್ದು, ಒಬ್ಬೊಬ್ಬರಿಗೂ ಕತ್ತರಿ ಹಿಡಿಯುವುದನ್ನು ಕಲಿಸಿದ್ದು, ಅದನ್ನೆಲ್ಲ ನಾನು ನನ್ನ ಒಳ್ಳೆಯತನ ಎಂದುಕೊಂಡಿದ್ದೆ. ಈ ಮುದುಕನಿಗೆ ಅದೇ ಒಳ್ಳೆಯತನವನ್ನು ತೋರಿಸಿ, ಅದರ ಬಲದ ಮೇಲೆಯೇ ಎಂಟಾಣೆ ಕಿತ್ತುಕೊಂಡಿದ್ದೆ. ಬಸ್ಸಿನ ಹತ್ತಿರದವನು ಮೆಟ್ಟಿಲು ಹತ್ತಿಸಲಿಲ್ಲ, ನಿಜ. ಆದರೆ ಹತ್ತಿಸಿದ್ದರೆ ಅವನು ಎಲ್ಲರಿಗೂ ಹೇಳುವ ರೇಟನ್ನೇ ಹೇಳುತ್ತಿದ್ದ.

ಎಂಟಾಣೆ ತೆಗೆದು ಹಲಗೆಯ ಮೇಲೆ ಇಟ್ಟೆ. ದೊಡ್ಡ ಮನಸ್ಸು ಮಾಡಿ ಬೇಡ ಎನ್ನುತ್ತಾನೇನೋ ಎಂದು ಹೆದರಿದ್ದೆ. ಹಾಗಾಗಿದ್ದರೆ ಅದು ನನ್ನ ಎದೆಯ ಮೇಲೆ ಕೂತೇ ಇರುತ್ತಿತ್ತು. ಅವನು ಒಂದು ಕ್ಷಣವೂ ತಡೆಯದೆ ಎತ್ತಿಕೊಂಡು ಸೊಂಟದ ಚೀಲಕ್ಕೆ ಹಾಕಿ, ದಾರವನ್ನು ಎರಡು ಸುತ್ತು ಬಿಗಿದ. ನನ್ನ ಅತ್ತೆ ಅವನ ಕಡೆಗೆ ಎಲೆಅಡಿಕೆ ಡಬ್ಬಿ ತಳ್ಳಿದರು.

ಎಲೆ ಮಡಿಸುತ್ತ ಬತ್ತಿ ಎಷ್ಟು ಎಂದು ಕೇಳಿದ. ಒಂದಾಣೆ ಎಂದೆ. ಮುಕ್ಕಾಲಾಣೆಗೆ ಕೊಡು ಎಂದ. ಇಲ್ಲ ಅಜ್ಜ, ಎಲ್ಲರಿಗೂ ಒಂದೇ ಎಂದೆ. ದೂರದಿಂದ ಬಂದಿದ್ದೇನೆ, ನಿಮ್ಮ ಜಗಳೂರಿನವನು ಎಂದೆಲ್ಲ ಹೇಳಿ ನೋಡಿದ. ನಾನು ಜಗಳೂರಿನವಳು ಎಂದು ಅವನಿಗೆ ಹೇಗೆ ಗೊತ್ತಾಯಿತೋ. ನನ್ನ ಮಾತಿನಲ್ಲೇ ಇತ್ತೇನೋ. ಕಾಲು ಆಣೆಗಾಗಿ ಇಬ್ಬರೂ ಬಹಳ ಹೊತ್ತು ಎಳೆದಾಡಿದೆವು. ಕೊನೆಗೆ ಅವನೇ ಸೋತು ಒಂದಾಣೆ ಕೊಟ್ಟ. ನಾನು ಹಳೆಯ ಬತ್ತಿ ಎಳೆದು, ಹೊಸದನ್ನು ಹಾಕಿ, ಮೂಲೆ ಕತ್ತರಿಸಿ, ಗಾಜಿನ ಮಸಿ ಒರೆಸಿ, ಹಗಲಿನಲ್ಲೇ ದೀಪ ಹಚ್ಚಿ ಅವನ ಕೈಗೆ ಕೊಟ್ಟೆ.